ಏಳು ಮಿಲಿಮೀಟರಿನ ಲೆಕ್ಕ: ಅಂಗನವಾಡಿಗೆ ತಕ್ಕಡಿ ಬಂತು, ಫೋನೂ ಬಂತು, ಕಲಿಸುವ ದಿನಗಳು ಎಲ್ಲಿ ಹೋದವು?

ಟಿ. ನರಸೀಪುರ ಅಂದರೆ ನಮಗೆಲ್ಲ ನೆನಪಾಗುವುದು ಕಾವೇರಿ–ಕಪಿಲಾ ಸಂಗಮ, ಕುಂಭಮೇಳ, ಗುಂಜಾ ನರಸಿಂಹಸ್ವಾಮಿ. ಆ ತಾಲ್ಲೂಕಿಗೆ ಇನ್ನೊಂದು ಹೆಗ್ಗಳಿಕೆಯೂ ಇದೆ. ಅದನ್ನು ನೆನೆಯುವವರು ಕಡಿಮೆ.

1975ರ ಅಕ್ಟೋಬರ್ 2ರಂದು ದೇಶದ 33 ಬ್ಲಾಕುಗಳಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ, ಅಂದರೆ ಐಸಿಡಿಎಸ್ ಶುರುವಾಯಿತು. ಆ 33ರಲ್ಲಿ ಕರ್ನಾಟಕದ ಪಾಲಿಗೆ ಬಂದದ್ದು ಟಿ. ನರಸೀಪುರ. ಇವತ್ತು ರಾಜ್ಯದಲ್ಲಿ 65 ಸಾವಿರಕ್ಕೂ ಹೆಚ್ಚು ಅಂಗನವಾಡಿಗಳಿವೆ. ಈ ಬ್ಲಾಗಿನಲ್ಲಿ ಬರೆಯುವ ನಮ್ಮಲ್ಲೂ ಹಲವರು ಅಲ್ಲೇ ಚಾಪೆ ಮೇಲೆ ಕೂತು, ಉಪ್ಪಿಟ್ಟು ತಿಂದು ದೊಡ್ಡವರಾದವರು.

ಅಂಗನವಾಡಿ ಬಗ್ಗೆ ಸುದ್ದಿ ಬರುವುದು ಸಾಮಾನ್ಯವಾಗಿ ಎರಡೇ ಸಲ. ಮೊಟ್ಟೆ ಕೊಳೆತಾಗ ಒಮ್ಮೆ, ಟೀಚರುಗಳು ಬೆಂಗಳೂರಿಗೆ ಹೋಗಿ ಧರಣಿ ಕೂತಾಗ ಇನ್ನೊಮ್ಮೆ. ನಾವು ಈ ಸಲ ಬೇರೆ ದಾರಿ ಹಿಡಿದಿದ್ದೇವೆ. ಐದಾರು ದಶಕಗಳಲ್ಲಿ ಈ ಕೆಲಸಕ್ಕೆ ಬಂದ ಹೆಂಗಸರಿಗೆ ಏನು ಕಲಿಸಿದರು, ಎಷ್ಟು ದಿನ ಕಲಿಸಿದರು, ಕೈಗೆ ಯಾವ ಸಾಧನ ಕೊಟ್ಟರು? ಅವರು ಅಳೆದದ್ದು ಸರಿಯಿದೆಯಾ ಅಂತ ಯಾರು ನೋಡಿದರು? ಈ ನಾಲ್ಕನೆಯ ಪ್ರಶ್ನೆಯೇ ನಮಗೆ ಮುಖ್ಯ. ಯಾಕೆಂದರೆ ತಪ್ಪಾಗಿ ತೂಗಿದ ಮಗು ಲೆಕ್ಕದಲ್ಲಿ ಚೆನ್ನಾಗಿಯೇ ಇರುತ್ತದೆ. ಮನೆಯಲ್ಲಿ ಮಾತ್ರ ಸೊರಗುತ್ತಿರುತ್ತದೆ.

ಅಂಗಳಕ್ಕೆ ಬಂದ ಶಾಲೆ

ಸರ್ಕಾರ ಅಂಗನವಾಡಿ ತೆರೆಯುವುದಕ್ಕೆ ಅರ್ಧ ಶತಮಾನ ಮುಂಚೆ ಗುಜರಾತಿನ ಭಾವನಗರದಲ್ಲಿ ಗಿಜುಭಾಯಿ ಬಧೇಕಾ ಎಂಬ ವಕೀಲರಿದ್ದರು. ಮಗ ಹುಟ್ಟಿದ ಮೇಲೆ ಅವನಿಗೆ ಹೇಗೆ ಪಾಠ ಹೇಳಬೇಕು ಅಂತ ಯೋಚಿಸುತ್ತಾ ಮರಿಯಾ ಮಾಂಟೆಸ್ಸರಿಯವರ ಪುಸ್ತಕ ಓದಿದರು, ವಕೀಲಿ ಬಿಟ್ಟರು, 1920ರಲ್ಲಿ ದಕ್ಷಿಣಾಮೂರ್ತಿ ಸಂಸ್ಥೆಯಲ್ಲಿ ಬಾಲಮಂದಿರ ತೆರೆದರು. ಮಕ್ಕಳಿಗೆ ಶಾಲೆ ತೆರೆದು ಐದು ವರ್ಷಕ್ಕೆ ಅವರಿಗೆ ಇನ್ನೊಂದು ವಿಷಯ ಹೊಳೆಯಿತು. ಕಲಿಸುವವರಿಗೆ ಕಲಿಸದೆ ಇದು ಸಾಗುವುದಿಲ್ಲ. ಅಲ್ಲೇ ಶಿಕ್ಷಕರ ತರಬೇತಿಗೆ ಅಧ್ಯಾಪನ ಮಂದಿರವೂ ಶುರುವಾಯಿತು.

ಗಿಜುಭಾಯಿ ತೀರಿಕೊಂಡದ್ದು 1939ರ ಜೂನ್‌ನಲ್ಲಿ. ಮಾಂಟೆಸ್ಸರಿ ಭಾರತಕ್ಕೆ ಬಂದದ್ದು ಅದೇ ವರ್ಷ ನವೆಂಬರ್‌ನಲ್ಲಿ. ಯಾರ ಪುಸ್ತಕದಿಂದ ಬದುಕೇ ಬದಲಾಯಿತೋ ಅವರು ನಮ್ಮ ನೆಲಕ್ಕೆ ಕಾಲಿಡುವಾಗ ಇವರಿಲ್ಲ. ಐದೇ ತಿಂಗಳ ಅಂತರ.

ಮಾಂಟೆಸ್ಸರಿ ಮದ್ರಾಸಿನ ಅಡ್ಯಾರಿನಲ್ಲಿ ಮೊದಲ ತರಬೇತಿ ನಡೆಸಿದರು. ದೇಶದ ಮೂಲೆಮೂಲೆಯಿಂದ ಸುಮಾರು 300 ಜನ ಬಂದಿದ್ದರು. ಕೆಲವೇ ತಿಂಗಳಿಗೆಂದು ಬಂದವರು ಯುದ್ಧದಲ್ಲಿ ಸಿಕ್ಕಿಕೊಂಡರು. ಇಟಲಿ ಬ್ರಿಟನ್ನಿನ ಎದುರು ನಿಂತದ್ದರಿಂದ ಇಟಲಿಯ ಈ ತಾಯಿ–ಮಗ ಶತ್ರು ದೇಶದವರಾದರು. ಮಗ ಮಾರಿಯೋನನ್ನು ಬಂಧನದಲ್ಲಿಟ್ಟರು. ತಾಯಿಯ 70ನೇ ಹುಟ್ಟುಹಬ್ಬಕ್ಕೆ ಬಿಟ್ಟರು. ಹೀಗೆ 1946ರವರೆಗೆ ಅವರು ಇಲ್ಲೇ ಉಳಿದು ತರಬೇತಿ ಕೊಡುತ್ತಾ ಹೋದರು.

ಆ ಪದ್ಧತಿಯ ತರಬೇತಿಯ ರೀತಿ ಇಲ್ಲಿ ಮುಖ್ಯ. ಕಲಿಯುವವರು ಒಂದೊಂದು ಸಾಧನವನ್ನೂ ಹೇಗೆ ಬಳಸಬೇಕು ಅಂತ ತಮ್ಮ ಕೈಯಾರೆ ಬರೆದು, ಚಿತ್ರ ಬಿಡಿಸಿ ಪುಸ್ತಕ ಮಾಡಬೇಕು. ಗಂಟೆಗಟ್ಟಲೆ ಸುಮ್ಮನೆ ಕೂತು ಮಕ್ಕಳನ್ನು ಗಮನಿಸಬೇಕು. ಪರೀಕ್ಷೆಯಲ್ಲಿ ಬರೆದರೆ ಸಾಲದು, ಸಾಧನವನ್ನು ಮುಂದಿಟ್ಟುಕೊಂಡು ಮಾಡಿ ತೋರಿಸಬೇಕು. ಅಂದರೆ ಕೈಗೆ ಸಾಧನ ಕೊಡುವ ಮುಂಚೆ ಕೈ ಪಳಗಿದೆಯಾ ಅಂತ ನೋಡುತ್ತಿದ್ದರು.

ಆದರೆ ಆ ಸಾಧನಗಳು ದುಬಾರಿ. ಹಳ್ಳಿಗೆ, ಕೂಲಿಯವರ ಮಕ್ಕಳಿಗೆ ಎಟುಕುವಂಥವಲ್ಲ. ಇದಕ್ಕೆ ದಾರಿ ಹುಡುಕಿದವರು ತಾರಾಬಾಯಿ ಮೋಡಕ್ ಮತ್ತು ಅನುತಾಯಿ ವಾಘ್. ತಾರಾಬಾಯಿ ಭಾವನಗರದಲ್ಲಿ ಗಿಜುಭಾಯಿಯವರ ಜೊತೆ ಕೆಲಸ ಮಾಡಿದ್ದವರು. 1945ರಲ್ಲಿ ಈಗಿನ ಮಹಾರಾಷ್ಟ್ರದ ಬೋರ್ಡಿಯಲ್ಲಿ ಗ್ರಾಮ ಬಾಲ ಶಿಕ್ಷಣ ಕೇಂದ್ರ ತೆರೆದರು. ಅನುತಾಯಿ ಅಲ್ಲಿ ಅವರ ಜೊತೆಗೂಡಿದರು. ಮುಂದೆ 1957ರಲ್ಲಿ ಇಬ್ಬರೂ ಕೋಸಬಾಡ್ ಗುಡ್ಡಕ್ಕೆ, ವಾರಲಿ ಆದಿವಾಸಿಗಳ ನಡುವೆ ಹೋದರು.

ಮಕ್ಕಳು ಶಾಲೆಗೆ ಬರಲಿಲ್ಲ. ಒಬ್ಬಳು ತಮ್ಮನನ್ನು ಎತ್ತಿಕೊಂಡಿರಬೇಕು, ಇನ್ನೊಬ್ಬ ದನ ಕಾಯಬೇಕು. ಸರಿ, ಮಗು ಶಾಲೆಗೆ ಬರದಿದ್ದರೆ ಶಾಲೆಯೇ ಮಗುವಿನ ಅಂಗಳಕ್ಕೆ ಹೋಗಲಿ ಎಂದರು. ಹಾಡಿಯ ಅಂಗಳದಲ್ಲೇ ಬೀಜ, ಕಲ್ಲು, ಎಲೆ, ಕಪ್ಪೆಚಿಪ್ಪು ಇಟ್ಟುಕೊಂಡು ಪಾಠ. ದನ ಕಾಯುವವರಿಗೆ ಹುಲ್ಲುಗಾವಲಿನಲ್ಲೇ ಶಾಲೆ. ‘ಅಂಗನವಾಡಿ’ ಎಂಬ ಹೆಸರಿನ ಬೇರು ಇಲ್ಲಿದೆ. ಅಂಗನ ಅಂದರೆ ಅಂಗಳ. ನಾವು ದಿನಾ ಹೇಳುವ ಮಾತು, ಅರ್ಥ ಕೇಳಿದರೆ ಥಟ್ಟನೆ ಹೇಳುವವರು ಕಡಿಮೆ.

ತಾರಾಬಾಯಿಯವರಿಗೆ 1962ರಲ್ಲಿ ಪದ್ಮಭೂಷಣ, ಅನುತಾಯಿಯವರಿಗೆ 1985ರಲ್ಲಿ ಪದ್ಮಶ್ರೀ ಬಂತು. ಅವರ ಕೆಲಸವನ್ನು ದೇಶದ ತುಂಬ ಹರಡಿದವರಿಗೆ ಏನು ಬಂತು ಅನ್ನುವುದಕ್ಕೆ ಮುಂದೆ ಬರುತ್ತೇವೆ.

ಹನ್ನೊಂದು ತಿಂಗಳು, ಆಮೇಲೆ ಮೂರು ತಿಂಗಳು

ಅಂಗನವಾಡಿಗೆ ಮುಂಚೆ ಹಳ್ಳಿಗಳಲ್ಲಿ ಬಾಲವಾಡಿಗಳಿದ್ದವು. ದುರ್ಗಾಬಾಯಿ ದೇಶಮುಖ್ ಮೊದಲ ಅಧ್ಯಕ್ಷೆಯಾಗಿದ್ದ ಕೇಂದ್ರ ಸಮಾಜ ಕಲ್ಯಾಣ ಮಂಡಳಿ ಅವುಗಳಿಗೆ ನೆರವು ಕೊಡುತ್ತಿತ್ತು. 60 ದಾಟಿದ ಹಿರಿಯರನ್ನು ಕೇಳಿ ನೋಡಿ, ಅವರು ‘ಬಾಲವಾಡಿ’ ಅಂತಲೇ ಹೇಳುತ್ತಾರೆ. ಅಲ್ಲಿ ಕಲಿಸುವವರನ್ನು ತಯಾರು ಮಾಡಲು 1960ರ ದಶಕದ ಆರಂಭದಲ್ಲಿ ಭಾರತೀಯ ಮಕ್ಕಳ ಕಲ್ಯಾಣ ಪರಿಷತ್ತು ‘ಬಾಲಸೇವಿಕಾ ತರಬೇತಿ’ ನಡೆಸಿತು. ಅದರ ಅವಧಿ 11 ತಿಂಗಳು. ಮನೆ ಬಿಟ್ಟು ಹೆಚ್ಚು ಕಡಿಮೆ ಒಂದು ವರ್ಷ ಕಲಿಯುವ ಕೋರ್ಸು.

ಐಸಿಡಿಎಸ್ ಬಂದಾಗ ಲೆಕ್ಕ ಬದಲಾಯಿತು. ಬೇಕಾದವರ ಸಂಖ್ಯೆ ಹೆಚ್ಚು, ಕಾಯಲು ಪುರುಸೊತ್ತಿಲ್ಲ. ಮೊದಲ ದಶಕಗಳಲ್ಲಿ ಅಂಗನವಾಡಿ ಕಾರ್ಯಕರ್ತೆಗೆ ಕೆಲಸಕ್ಕೆ ಮುಂಚಿನ ತರಬೇತಿ ಸುಮಾರು ಮೂರು ತಿಂಗಳಿತ್ತು. ಸಂಬಳ ಅಂತ ಕರೆಯಲಿಲ್ಲ, ‘ಗೌರವಧನ’ ಅಂದರು. ಎಸ್ಸೆಸ್ಸೆಲ್ಸಿ ಆಗಿದ್ದರೆ ತಿಂಗಳಿಗೆ 150 ರೂಪಾಯಿ, ಆಗದಿದ್ದರೆ 100. ಸಹಾಯಕಿಗೆ 35.

ಈ ಹಣಕ್ಕೆ ಆರು ಕೆಲಸ. ಪೂರಕ ಆಹಾರ, ಚುಚ್ಚುಮದ್ದಿಗೆ ಮಕ್ಕಳನ್ನು ಸೇರಿಸುವುದು, ಆರೋಗ್ಯ ತಪಾಸಣೆ, ಕಾಯಿಲೆಯವರನ್ನು ಆಸ್ಪತ್ರೆಗೆ ಕಳಿಸುವುದು, ತಾಯಂದಿರಿಗೆ ತಿಳಿವಳಿಕೆ, ಮತ್ತು ಶಾಲಾಪೂರ್ವ ಶಿಕ್ಷಣ. ಭಾವನಗರದಲ್ಲೂ ಕೋಸಬಾಡಿನಲ್ಲೂ ಮೊದಲಿದ್ದ ‘ಪಾಠ’ ಇಲ್ಲಿ ಆರರಲ್ಲಿ ಒಂದಾಯಿತು.

ಒಂದು ಮಾತು ಆ ಮೂರು ತಿಂಗಳ ಪರವಾಗಿ ಹೇಳಬೇಕು. ತರಬೇತಿ ಕೇಂದ್ರದಲ್ಲೇ ಉಳಿದು ಕಲಿಯುವ ವ್ಯವಸ್ಥೆ ಅದು. ಪಾಠದ ಜೊತೆಗೆ ಹತ್ತಿರದ ಅಂಗನವಾಡಿಗಳಿಗೆ ಹೋಗಿ, ನಿಜವಾದ ಮಕ್ಕಳ ಜೊತೆ, ತರಬೇತಿ ಕೊಡುವವರ ಕಣ್ಣೆದುರೇ ಕೆಲಸ ಮಾಡಿ ನೋಡಬೇಕಿತ್ತು. ಎಲ್ಲ ಕಡೆ ಅಚ್ಚುಕಟ್ಟಾಗಿ ನಡೆಯಿತು ಅಂತ ನಾವು ಹೇಳುತ್ತಿಲ್ಲ. ಆದರೆ ತಪ್ಪು ಮಾಡಿದಾಗ ಪಕ್ಕದಲ್ಲಿ ಒಬ್ಬರು ಇರುತ್ತಿದ್ದರು.

ತೂಗುಹಾಕುವ ತಕ್ಕಡಿ, ರಸ್ತೆಯಂಥ ಗೆರೆ

ಈ ಕೆಲಸದ ಮೊದಲ ತಂತ್ರಜ್ಞಾನ ಫೋನ್ ಅಲ್ಲ. ತಕ್ಕಡಿ.

ತೊಲೆಗೋ ಕೊಂಬೆಗೋ ತೂಗುಹಾಕುವ ದುಂಡು ಮುಖದ ತಕ್ಕಡಿ, ಕೆಳಗೆ ಬಟ್ಟೆಯ ಚಡ್ಡಿ, ಅದರಲ್ಲಿ ಕಾಲು ಒದೆಯುತ್ತಾ ಅಳುವ ಮಗು. ಮುಳ್ಳು ಅತ್ತಿತ್ತ ಕುಣಿಯುತ್ತದೆ. ಕುಣಿಯುವ ಮುಳ್ಳನ್ನು ನೋಡಿ ಒಂದು ಸಂಖ್ಯೆ ಹೇಳುವುದು ಎಷ್ಟು ಕಷ್ಟ ಅಂತ ಸಂತೆಯಲ್ಲಿ ಕೋಳಿ ತೂಗಿಸಿದವರಿಗೆ ಗೊತ್ತು.

ತಕ್ಕಡಿಯ ಜೊತೆಗೆ ಬಂದದ್ದು ಬೆಳವಣಿಗೆಯ ನಕ್ಷೆ. ಇದರ ಹುಟ್ಟು ಆಫ್ರಿಕಾದಲ್ಲಿ. ಡೇವಿಡ್ ಮೋರ್ಲಿ ಎಂಬ ಬ್ರಿಟಿಷ್ ಮಕ್ಕಳ ವೈದ್ಯರು 1950ರ ದಶಕದಲ್ಲಿ ನೈಜೀರಿಯಾದ ಹಳ್ಳಿಯೊಂದರಲ್ಲಿ ಕೆಲಸ ಮಾಡುವಾಗ ಒಂದು ಕಾರ್ಡು ಮಾಡಿದರು. ಅಡ್ಡಕ್ಕೆ ವಯಸ್ಸು, ನೇರಕ್ಕೆ ತೂಕ, ನಡುವೆ ರಸ್ತೆಯಂತೆ ಏರಿ ಹೋಗುವ ಎರಡು ಗೆರೆ. ಪ್ರತಿ ತಿಂಗಳು ಒಂದು ಚುಕ್ಕೆ. ಚುಕ್ಕೆಗಳು ರಸ್ತೆಯ ಜೊತೆಗೆ ಮೇಲೆ ಹೋಗುತ್ತಿದ್ದರೆ ಮಗು ಸರಿಯಿದೆ. ಗೆರೆ ಮಲಗಿತು ಅಥವಾ ಇಳಿಯಿತು ಅಂದರೆ ಈಗಲೇ ಏನಾದರೂ ಮಾಡಬೇಕು.

ಮೋರ್ಲಿಯವರ ಕಾರ್ಡಿನಲ್ಲಿ ನಮಗೆ ದೊಡ್ಡದಾಗಿ ಕಂಡದ್ದು ಇನ್ನೊಂದು. ಕಾರ್ಡು ಆಸ್ಪತ್ರೆಯ ಬೀರುವಿನಲ್ಲಿ ಇರುತ್ತಿರಲಿಲ್ಲ. ತಾಯಿಯ ಕೈಯಲ್ಲಿರುತ್ತಿತ್ತು. ಓದು ಬಾರದ ತಾಯಿಗೂ ಗೆರೆ ಏರಿತೋ ಇಳಿಯಿತೋ ಕಾಣುತ್ತಿತ್ತು. ಅಳತೆಯನ್ನು ಮೊದಲು ನೋಡಬೇಕಾದವಳು ಅವಳು. ಆಮೇಲೆ ಸರ್ಕಾರ.

ನಮ್ಮಲ್ಲಿ ನಕ್ಷೆ ಹೆಚ್ಚಾಗಿ ಅಂಗನವಾಡಿಯ ರಿಜಿಸ್ಟರಿನಲ್ಲೇ ಉಳಿಯಿತು. ಮಕ್ಕಳನ್ನು ದರ್ಜೆಗಳಲ್ಲಿ ವಿಂಗಡಿಸಿದರು. ವಯಸ್ಸಿಗೆ ಇರಬೇಕಾದ ತೂಕದ ಶೇ. 80ಕ್ಕಿಂತ ಮೇಲಿದ್ದರೆ ಸರಿ, 70ರಿಂದ 80 ಒಂದನೇ ದರ್ಜೆ, 60ರಿಂದ 70 ಎರಡನೇ ದರ್ಜೆ, 50ರಿಂದ 60 ಮೂರು, 50ಕ್ಕಿಂತ ಕೆಳಗೆ ನಾಲ್ಕು. ದರ್ಜೆಯ ಲೆಕ್ಕ ತಿಂಗಳ ವರದಿಯಲ್ಲಿ ಮೇಲೆ ಹೋಗುತ್ತಿತ್ತು. ನೋಡಲು ಮೇಲ್ವಿಚಾರಕಿ ಇರುತ್ತಿದ್ದರು. ಆದರೆ ಅವರೊಬ್ಬರ ಕೈಕೆಳಗೆ 20–25 ಅಂಗನವಾಡಿ. ಬಸ್ಸಿಲ್ಲದ ಊರಿಗೆ ನಡೆದು ಬಂದು ರಿಜಿಸ್ಟರಿಗೆ ಸಹಿ ಹಾಕಿ ಹೋದರೆ ಅದೇ ದೊಡ್ಡದು. ಮಗುವನ್ನು ಮತ್ತೆ ತೂಗಿ ನೋಡಲು ಸಮಯ ಎಲ್ಲಿ?

2008: ನಕ್ಷೆ ಬದಲಾಯಿತು

ಹಳೆಯ ನಕ್ಷೆಯ ಅಳತೆಗೋಲು ಅಮೆರಿಕದ ಮಕ್ಕಳದ್ದು. ಹಾರ್ವರ್ಡ್ ಮಾನದಂಡ ಅಂತ ಅದರ ಹೆಸರು. ನಮ್ಮ ಮಕ್ಕಳನ್ನು ಅಲ್ಲಿಯ ಮಕ್ಕಳ ಜೊತೆ ಹೋಲಿಸುವುದು ಸರಿಯಾ ಅನ್ನುವ ತಕರಾರು ಬಹಳ ದಿನದಿಂದ ಇತ್ತು.

ವಿಶ್ವ ಆರೋಗ್ಯ ಸಂಸ್ಥೆ 1997ರಿಂದ 2003ರವರೆಗೆ ಆರು ದೇಶಗಳಲ್ಲಿ ಒಂದು ದೊಡ್ಡ ಅಧ್ಯಯನ ಮಾಡಿತು: ಬ್ರೆಜಿಲ್, ಘಾನಾ, ನಾರ್ವೆ, ಓಮನ್, ಅಮೆರಿಕ, ಮತ್ತು ಭಾರತ. ನಮ್ಮ ದೇಶದಿಂದ ದೆಹಲಿಯ ಮಕ್ಕಳು. ಒಟ್ಟು ಸುಮಾರು 8,500 ಮಕ್ಕಳು. ಎದೆಹಾಲು ಕುಡಿದ, ಒಳ್ಳೆಯ ಊಟ, ಆರೈಕೆ ಸಿಕ್ಕ ಮಕ್ಕಳನ್ನೇ ಆರಿಸಿದರು. ಕಂಡದ್ದೇನೆಂದರೆ, ಸರಿಯಾದ ಆರೈಕೆ ಸಿಕ್ಕರೆ ಐದು ವರ್ಷದೊಳಗಿನ ಮಕ್ಕಳು ಎಲ್ಲ ಕಡೆಯೂ ಹೆಚ್ಚು ಕಡಿಮೆ ಒಂದೇ ರೀತಿ ಬೆಳೆಯುತ್ತಾರೆ. ‘ನಮ್ಮ ಜಾತಿಯೇ ಕುಳ್ಳ’, ‘ನಮ್ಮ ಕಡೆ ಮಕ್ಕಳೇ ಸಣ್ಣ’ ಅನ್ನುವ ಮಾತಿಗೆ ಅಲ್ಲಿ ಆಧಾರ ಸಿಗಲಿಲ್ಲ.

ಈ ಅಧ್ಯಯನದಲ್ಲಿ ಅಳೆದ ರೀತಿಯನ್ನು ಸ್ವಲ್ಪ ನಿಧಾನವಾಗಿ ಓದಿ. ಪ್ರತಿ ಮಗುವನ್ನೂ ಇಬ್ಬರು ಅಳೆಯುತ್ತಿದ್ದರು. ಒಬ್ಬರು ಬರೆದುಕೊಂಡದ್ದನ್ನು ಇನ್ನೊಬ್ಬರು ನೋಡುವ ಹಾಗಿಲ್ಲ. ಆಮೇಲೆ ಎರಡನ್ನೂ ಹೋಲಿಸುತ್ತಿದ್ದರು. ತೂಕದಲ್ಲಿ 100 ಗ್ರಾಂಗಿಂತ ಹೆಚ್ಚು, ಉದ್ದದಲ್ಲಿ 7 ಮಿಲಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಇಬ್ಬರೂ ಮತ್ತೆ ಅಳೆಯಬೇಕು.

7 ಮಿಲಿಮೀಟರ್ ಅಂದರೆ ಎಷ್ಟು? ಒಂದು ಹೆಸರುಕಾಳಿನ ಉದ್ದಕ್ಕಿಂತ ತುಸು ಹೆಚ್ಚು. ಆದರೆ ಎರಡರಿಂದ ಮೂರು ವರ್ಷದ ನಡುವೆ ಆರೋಗ್ಯವಂತ ಮಗು ವರ್ಷಕ್ಕೆ ಬೆಳೆಯುವುದು ಸುಮಾರು 9 ಸೆಂಟಿಮೀಟರ್. ತಿಂಗಳಿಗೆ ಹಂಚಿದರೆ ಏಳೂವರೆ ಮಿಲಿಮೀಟರ್. ಅಳತೆಯಲ್ಲಿ 7 ಮಿಲಿಮೀಟರ್ ತಪ್ಪಿದರೆ ಮಗುವಿನ ಒಂದು ತಿಂಗಳ ಬೆಳವಣಿಗೆಯೇ ಲೆಕ್ಕದಿಂದ ಮಾಯವಾಗುತ್ತದೆ, ಇಲ್ಲವೇ ಇಲ್ಲದ್ದು ಸೇರಿಕೊಳ್ಳುತ್ತದೆ.

ಇನ್ನೊಂದು ವಿಚಿತ್ರ ನೋಡಿ. ಎರಡು ವರ್ಷದೊಳಗಿನ ಮಗುವನ್ನು ಮಲಗಿಸಿ ಅಳೆಯಬೇಕು, ಎರಡು ತುಂಬಿದ ಮೇಲೆ ನಿಲ್ಲಿಸಿ ಅಳೆಯಬೇಕು. ಒಂದೇ ಮಗುವನ್ನು ಮಲಗಿಸಿದಾಗ ನಿಲ್ಲಿಸಿದಾಗಿಗಿಂತ ಸರಾಸರಿ 7 ಮಿಲಿಮೀಟರ್ ಉದ್ದ ಬರುತ್ತದೆ. ಅದೇ ಏಳು! ಮಲಗಿಸಬೇಕಾದ ಮಗುವನ್ನು ಹೆದರಿ ಅಳುತ್ತದೆಂದು ನಿಲ್ಲಿಸಿ ಅಳೆದು ಬರೆದರೆ, ಮಗು ಕಾಗದದ ಮೇಲೆ ಒಂದು ತಿಂಗಳು ಹಿಂದೆ ಬೀಳುತ್ತದೆ.

2006ರಲ್ಲಿ ಈ ಹೊಸ ಮಾನದಂಡ ಬಂತು. ಭಾರತದ ಅಂಗನವಾಡಿಗಳು ಅದನ್ನು ಒಪ್ಪಿಕೊಂಡದ್ದು 2008ರಲ್ಲಿ. ಗಂಡು ಮಕ್ಕಳಿಗೆ ನೀಲಿ, ಹೆಣ್ಣು ಮಕ್ಕಳಿಗೆ ಗುಲಾಬಿ ಬಣ್ಣದ ನಕ್ಷೆ. ದರ್ಜೆಗಳು ಹೋಗಿ ಬಣ್ಣದ ಪಟ್ಟಿಗಳು ಬಂದವು. ಹತ್ತಿಪ್ಪತ್ತು ವರ್ಷ ಒಂದು ರೀತಿ ಲೆಕ್ಕ ಹಾಕಿದ ಟೀಚರ್ ಈಗ ಬೇರೆ ರೀತಿ ಕಲಿಯಬೇಕು. ನಿನ್ನೆ ಒಂದು ದರ್ಜೆಯಲ್ಲಿದ್ದ ಮಗು ಇವತ್ತು ಯಾವ ಬಣ್ಣದಲ್ಲಿದೆ ಅಂತ ತಾಯಿಗೂ ವಿವರಿಸಬೇಕು.

ಅಳತೆಗೋಲು ಇಷ್ಟು ಸೂಕ್ಷ್ಮವಾದ ಕಾಲದಲ್ಲಿ ತರಬೇತಿಗೆ ಏನಾಯಿತು?

1999ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ‘ಉದಿಶಾ’ ಎಂಬ ದೊಡ್ಡ ತರಬೇತಿ ಕಾರ್ಯಕ್ರಮ ಬಂದಿತ್ತು. ಪಠ್ಯಕ್ರಮ ಹೊಸದಾಯಿತು, ಕೇಂದ್ರಗಳು ಹೆಚ್ಚಾದವು. ಆದರೆ ಬುನಾದಿ ತರಬೇತಿಯ ಅವಧಿ ಇಳಿಯುತ್ತಾ ಬಂತು. 2009ರ ಹೊತ್ತಿಗೆ ಅದು ರಜೆ ಬಿಟ್ಟು 26 ದಿನ. ಆಮೇಲೆ ಆಗಾಗ ಐದು ದಿನದ ಪುನಶ್ಚೇತನ. ಮತ್ತೊಂದು ಕಡೆ ಸುಪ್ರೀಂ ಕೋರ್ಟು ಆಹಾರದ ಹಕ್ಕಿನ ಪ್ರಕರಣದಲ್ಲಿ ಪ್ರತಿ ಊರಿಗೂ ಅಂಗನವಾಡಿ ಬೇಕು, ದೇಶದಲ್ಲಿ 14 ಲಕ್ಷ ಆಗಬೇಕು ಎಂದು 2006ರಲ್ಲಿ ಆದೇಶಿಸಿತ್ತು. ಅದು ಒಳ್ಳೆಯ ಆದೇಶವೇ. ಅದರಿಂದ ಎಷ್ಟೋ ಹಾಡಿ, ತಾಂಡಾ, ಕಾಲೊನಿಗಳಿಗೆ ಕೇಂದ್ರ ಸಿಕ್ಕಿತು. ಆದರೆ ಲಕ್ಷಗಟ್ಟಲೆ ಹೊಸಬರನ್ನು ಬೇಗ ತಯಾರು ಮಾಡಬೇಕಾದಾಗ ಮೊದಲು ಕತ್ತರಿ ಬೀಳುವುದು ಕಲಿಕೆಯ ದಿನಗಳಿಗೆ.

ಅದೇ 2006ರ ಡಿಸೆಂಬರಿನಲ್ಲಿ ಕರ್ನಾಟಕದಿಂದ ಹೋಗಿದ್ದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇನ್ನೊಂದು ತೀರ್ಪು ಕೊಟ್ಟಿತು. ಅಂಗನವಾಡಿ ಕಾರ್ಯಕರ್ತೆಯರು ಸರ್ಕಾರಿ ಹುದ್ದೆಯಲ್ಲಿರುವವರಲ್ಲ ಎಂದು. ತರಬೇತಿ ಇದೆ, ರಿಜಿಸ್ಟರ್ ಇದೆ, ಮೇಲಧಿಕಾರಿ ಇದ್ದಾರೆ, ತಪ್ಪಾದರೆ ನೋಟಿಸೂ ಇದೆ. ಹುದ್ದೆ ಮಾತ್ರ ಇಲ್ಲ. ಕಲಿತ ಕಸುಬಿಗೆ ಕಸುಬಿನ ಬೆಲೆ ಸಿಗದಿದ್ದರೆ ಕಲಿಸುವುದಕ್ಕೂ ಯಾರೂ ಹೆಚ್ಚು ಖರ್ಚು ಮಾಡುವುದಿಲ್ಲ ಅನ್ನುವುದು ನಮ್ಮ ಅಭಿಪ್ರಾಯ. 2022ರ ಏಪ್ರಿಲ್‌ನಲ್ಲಿ ಗುಜರಾತಿನ ಪ್ರಕರಣದಲ್ಲಿ ಅದೇ ಕೋರ್ಟು ಇವರಿಗೆ ಗ್ರಾಚ್ಯುಟಿ ಕೊಡಬೇಕು ಎಂದಿತು. ಮರು ವರ್ಷ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ನಮ್ಮ ರಾಜ್ಯದ ಕಾರ್ಯಕರ್ತೆಯರು ಚಳಿಯಲ್ಲಿ ಮಲಗಿ ಕೇಳಿದ್ದರಲ್ಲಿ ಅದೂ ಒಂದು.

ಫೋನ್ ಬಂತು

2018ರ ಮಾರ್ಚ್ 8ರಂದು ರಾಜಸ್ಥಾನದ ಝುಂಝುನುವಿನಲ್ಲಿ ಪೋಷಣ್ ಅಭಿಯಾನ ಶುರುವಾಯಿತು. ಅದರ ಜೊತೆಗೆ ಸ್ಮಾರ್ಟ್‌ಫೋನ್, ಅದರೊಳಗೆ ಒಂದು ಆ್ಯಪ್. ಆವರೆಗೆ ಟೀಚರ್ ತುಂಬಬೇಕಿದ್ದ 11 ರಿಜಿಸ್ಟರುಗಳಲ್ಲಿ ಹತ್ತರ ಕೆಲಸ ಆ್ಯಪಿಗೆ ಬರುತ್ತದೆ ಎಂದರು. ಮೂರು ವರ್ಷಕ್ಕೆ ಆ ಆ್ಯಪ್ ಹೋಯಿತು. 2021ರ ಮಾರ್ಚ್ 1ರಿಂದ ‘ಪೋಷಣ್ ಟ್ರ್ಯಾಕರ್’ ಬಂತು. ಮೊದಲಿನದನ್ನು ಕಲಿತವರು ಮತ್ತೆ ಒಂದರಿಂದ ಶುರು ಮಾಡಬೇಕಾಯಿತು. ಆರಂಭದಲ್ಲಿ ಇದು ಇಂಗ್ಲಿಷ್, ಹಿಂದಿಯಲ್ಲಿತ್ತು. ಪಕ್ಕದ ಮಹಾರಾಷ್ಟ್ರದಲ್ಲಿ ಅದೇ ವರ್ಷ ಸಾವಿರಾರು ಕಾರ್ಯಕರ್ತೆಯರು ‘ಭಾಷೆ ಅರ್ಥವಾಗುವುದಿಲ್ಲ, ಫೋನು ಕೆಟ್ಟು ನಿಲ್ಲುತ್ತದೆ’ ಎಂದು ಫೋನುಗಳನ್ನೇ ಸರ್ಕಾರಕ್ಕೆ ವಾಪಸ್ ಕೊಟ್ಟರು. ಈಗ ಕನ್ನಡವೂ ಸೇರಿ ಹಲವು ಭಾಷೆಗಳಲ್ಲಿ ಸಿಗುತ್ತದೆ.

ಆ್ಯಪಿನ ಒಳ್ಳೆಯದನ್ನು ಮರೆಮಾಚಬಾರದು. ಕೈಯಲ್ಲಿ ಚುಕ್ಕೆ ಇಡುವಾಗ ಗೆರೆ ತಪ್ಪುತ್ತಿತ್ತು, ತಿಂಗಳ ಲೆಕ್ಕ ತಪ್ಪುತ್ತಿತ್ತು, ಹುಡುಗಿಯ ತೂಕ ಹುಡುಗನ ನಕ್ಷೆಗೆ ಹೋಗುತ್ತಿತ್ತು. ಈಗ ಹುಟ್ಟಿದ ದಿನ, ತೂಕ, ಎತ್ತರ ಹಾಕಿದರೆ ಮಗು ಯಾವ ಮಟ್ಟದಲ್ಲಿದೆ ಅಂತ ಆ್ಯಪೇ ಹೇಳುತ್ತದೆ. ತೂಗುವ ಚಡ್ಡಿಯ ಬದಲು ಹಲವು ಕಡೆ ಡಿಜಿಟಲ್ ತಕ್ಕಡಿ, ಎತ್ತರದ ಕಂಬ, ಹಸುಗೂಸನ್ನು ಮಲಗಿಸಿ ಅಳೆಯುವ ಹಲಗೆ ಬಂದಿವೆ. ಲೆಕ್ಕದ ತಪ್ಪು ನಿಜವಾಗಿ ಕಡಿಮೆಯಾಗಿದೆ.

ಅಳತೆಯ ತಪ್ಪು ಹಾಗೇ ಇದೆ. ಚಪ್ಪಲಿ ಹಾಕಿಕೊಂಡ ಮಗು, ಜಡೆ ಮೇಲೆ ಕೂತ ಹಲಗೆ, ಮಡಚಿದ ಮೊಣಕಾಲು, ಇಳಿಜಾರು ನೆಲದ ಮೇಲೆ ಇಟ್ಟ ತಕ್ಕಡಿ ಆ್ಯಪಿಗೆ ಕಾಣುವುದಿಲ್ಲ. 84.3 ಎಂದರೆ 84.3 ಅಂತ ನಂಬುತ್ತದೆ.

ಕೈ ಪಳಗಿದೆಯಾ ಅಂತ ಪರೀಕ್ಷಿಸುವ ವಿಧಾನ ಜಗತ್ತಿಗೆ ಹೊಸದಲ್ಲ. ಜಾನ್ ಪಿಯರ್ ಹ್ಯಾಬಿಕ್ ಎಂಬ ಸಂಶೋಧಕರು 1974ರಲ್ಲೇ, ಅಂದರೆ ಟಿ. ನರಸೀಪುರದಲ್ಲಿ ಅಂಗನವಾಡಿ ತೆರೆಯುವ ಮುಂಚಿನ ವರ್ಷ, ಅದನ್ನು ಬರೆದಿದ್ದರು. ಬಹಳ ಸರಳ. ಹತ್ತು ಮಕ್ಕಳನ್ನು ಕರೆಯಿರಿ. ಕಲಿಯುವವರು ಒಬ್ಬೊಬ್ಬರನ್ನೂ ಎರಡು ಸಲ ಅಳೆಯಲಿ, ಮೊದಲ ಸಲ ಬರೆದದ್ದನ್ನು ನೋಡದೆ. ಪಳಗಿದ ಒಬ್ಬರೂ ಅದೇ ಮಕ್ಕಳನ್ನು ಅಳೆಯಲಿ. ಎರಡು ವಿಷಯ ತಿಳಿಯುತ್ತದೆ: ಇವರ ಎರಡು ಅಳತೆ ಒಂದಕ್ಕೊಂದು ಕೂಡುತ್ತದೆಯಾ, ಮತ್ತು ಪಳಗಿದವರ ಅಳತೆಗೆ ಹತ್ತಿರವಿದೆಯಾ. ಕೂಡದಿದ್ದರೆ ಎಲ್ಲಿ ತಪ್ಪುತ್ತಿದೆ ಅಂತ ಪಕ್ಕದಲ್ಲಿ ನಿಂತು ತೋರಿಸಿ, ಮತ್ತೆ ಅಳೆಸಬೇಕು. ದೊಡ್ಡ ಸರ್ವೆಗಳಿಗೆ ಹೋಗುವವರು ಈ ಪರೀಕ್ಷೆ ಪಾಸಾಗಬೇಕು. ಇದಕ್ಕೆ ಇಂಟರ್ನೆಟ್ ಬೇಡ. ಒಂದು ಬೆಳಿಗ್ಗೆ, ಹತ್ತು ಮಕ್ಕಳು, ಒಂದಿಷ್ಟು ಬಿಸ್ಕತ್ತು ಸಾಕು.

ಬದಲಿಗೆ ಪರೀಕ್ಷೆ ನಡೆಯುವುದು ಬೇರೆಯದಕ್ಕೆ. ಎಷ್ಟು ಮಕ್ಕಳ ತೂಕ ಅಪ್‌ಲೋಡ್ ಆಯಿತು? ಕೇಂದ್ರ ಎಷ್ಟು ಗಂಟೆಗೆ ತೆರೆಯಿತು? 2025ರ ಜುಲೈಯಿಂದ ಮನೆಗೆ ಕೊಡುವ ಆಹಾರಕ್ಕೆ ತಾಯಂದಿರ ಮುಖ ಗುರುತಿಸುವುದೂ ಕಡ್ಡಾಯವಾಯಿತು. ನೆಟ್‌ವರ್ಕ್ ಸಿಗದ ಊರಿನಲ್ಲಿ ಫೋನು ಎತ್ತಿ ಹಿಡಿದು ಮರದ ಕೆಳಗೆ, ನೀರಿನ ಟ್ಯಾಂಕಿನ ಹತ್ತಿರ ಓಡಾಡುವ ಟೀಚರನ್ನು ನೀವೂ ನೋಡಿರಬಹುದು. ಮಗುವನ್ನು ನೋಡಲಿ ಎಂದು ಕೊಟ್ಟ ಸಾಧನ ತಿರುಗಿ ಟೀಚರನ್ನೇ ನೋಡುವ ಸಾಧನವಾಯಿತು. ಅದು ಎಣಿಸುವುದು ಅವರ ಹಾಜರಿಯನ್ನು. ಅವರ ಕೈಚಳಕವನ್ನಲ್ಲ.

ಎರಡು ಲೆಕ್ಕ

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35.5 ಮಂದಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರು, ಶೇ. 19.3 ಮಂದಿ ಎತ್ತರಕ್ಕೆ ತಕ್ಕ ತೂಕವಿಲ್ಲದವರು. ಇತ್ತೀಚಿನ ವರ್ಷಗಳಲ್ಲಿ ಸರ್ಕಾರ ಸಂಸತ್ತಿಗೆ ಕೊಟ್ಟ ಪೋಷಣ್ ಟ್ರ್ಯಾಕರಿನ ಲೆಕ್ಕದಲ್ಲಿ ಎತ್ತರದ ಸಂಖ್ಯೆ ಹತ್ತಿರ ಹತ್ತಿರ ಅಷ್ಟೇ ಇದೆ, ತುಸು ಹೆಚ್ಚೇ. ಆದರೆ ಎರಡನೆಯದು ಶೇ. 5–6.

ಹತ್ತೊಂಬತ್ತು ಎಲ್ಲಿ, ಐದಾರು ಎಲ್ಲಿ! ವರ್ಷ ಬೇರೆ, ಮಕ್ಕಳ ಗುಂಪೂ ಬೇರೆ ಅನ್ನುವುದು ನಿಜ. ಸಮೀಕ್ಷೆಯವರು ಆರಿಸಿದ ಮನೆಗಳಿಗೆ ಹೋಗುತ್ತಾರೆ, ಟ್ರ್ಯಾಕರಿನಲ್ಲಿರುವುದು ಅಂಗನವಾಡಿಯಲ್ಲಿ ಹೆಸರಿರುವವರು. ನಿಜಕ್ಕೂ ಸುಧಾರಿಸಿರಲೂಬಹುದು. ಹಾಗಿದ್ದರೆ ಸಂತೋಷ. ಆದರೆ ಒಂದಷ್ಟು ಕೇಂದ್ರಗಳಲ್ಲಿ ಪಳಗಿದವರು ಅದೇ ವಾರ ಅದೇ ಮಕ್ಕಳನ್ನು ಮತ್ತೆ ಅಳೆದು ಹೋಲಿಸದೆ ಯಾವುದು ಸರಿ ಅಂತ ಹೇಳಲಾಗದು. ಟೀಚರುಗಳು ಸುಳ್ಳು ಬರೆಯುತ್ತಾರೆ ಅಂತ ಸುಲಭವಾಗಿ ಹೇಳುವವರಿದ್ದಾರೆ. ನಾವು ಅವರ ಜೊತೆಗಿಲ್ಲ. ಕೆಟ್ಟ ಸಂಖ್ಯೆ ಬರೆದರೆ ವಿವರಣೆ ಕೇಳುವ, ಒಳ್ಳೆಯ ಸಂಖ್ಯೆ ಬರೆದರೆ ಸುಮ್ಮನಿರುವ ವ್ಯವಸ್ಥೆಯಲ್ಲಿ ಯಾರ ಕೈಯಾದರೂ ಒಳ್ಳೆಯದರ ಕಡೆಗೇ ವಾಲುತ್ತದೆ.

ಪಾಠದ ಕಡೆಗೂ ಒಂದು ನೋಟ ಹಾಯಿಸಬೇಕು. ಕರ್ನಾಟಕದಲ್ಲಿ ‘ಚಿಲಿಪಿಲಿ’ ಎಂಬ ಚಟುವಟಿಕೆಯ ಪಠ್ಯ ಇದೆ, ಬಹಳ ಚೆನ್ನಾಗಿದೆ. ಕೇಂದ್ರ ಸರ್ಕಾರ 2023ರಲ್ಲಿ ‘ಪೋಷಣ್ ಭಿ ಪಢಾಯಿ ಭಿ’ ಶುರು ಮಾಡಿ ಕಾರ್ಯಕರ್ತೆಯರಿಗೆ ಮೂರು ದಿನದ ತರಬೇತಿ ಕೊಟ್ಟಿತು. 2024ರಲ್ಲಿ ನಮ್ಮ ಸರ್ಕಾರಿ ಶಾಲೆಗಳಲ್ಲಿ ಎಲ್‌ಕೆಜಿ, ಯುಕೆಜಿ ತೆರೆದಾಗ ‘ನಮ್ಮ ಮಕ್ಕಳನ್ನು ಕಿತ್ತುಕೊಳ್ಳಬೇಡಿ’ ಎಂದು ಕಾರ್ಯಕರ್ತೆಯರು ಬೀದಿಗಿಳಿದರು. ಅದೇ ವರ್ಷ ಕೆಲವು ಅಂಗನವಾಡಿಗಳು ‘ಸರ್ಕಾರಿ ಮಾಂಟೆಸ್ಸರಿ’ಗಳಾದವು. ಅಡ್ಯಾರಿನ ಹೆಸರು 85 ವರ್ಷದ ಮೇಲೆ ಹೀಗೆ ನಮ್ಮ ಬೀದಿಯ ಬೋರ್ಡಿಗೆ ಬಂತು. ಹೆಸರಿನ ಜೊತೆ ಆ ತರಬೇತಿಯೂ ಬಂತೇ ಅನ್ನುವುದನ್ನು ಕೇಂದ್ರದೊಳಗೆ ಹೋಗಿ ನೋಡಿಯೇ ಹೇಳಬೇಕು.

2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ಒಂದು ಭರವಸೆ ಇದೆ. ಪಿಯುಸಿ ಆದ ಕಾರ್ಯಕರ್ತೆಯರಿಗೆ ಆರು ತಿಂಗಳ ಸರ್ಟಿಫಿಕೇಟ್ ಕೋರ್ಸು, ಅದಕ್ಕಿಂತ ಕಡಿಮೆ ಓದಿದವರಿಗೆ ಒಂದು ವರ್ಷದ ಡಿಪ್ಲೊಮಾ. ಕೆಲಸ ಬಿಡದೆ ಟಿವಿ ಚಾನೆಲ್, ಸ್ಮಾರ್ಟ್‌ಫೋನ್ ಮೂಲಕ ಕಲಿಯಬಹುದು. ಜೊತೆಗೆ ಕ್ಲಸ್ಟರ್ ಸಂಪನ್ಮೂಲ ಕೇಂದ್ರದಲ್ಲಿ ತಿಂಗಳಿಗೆ ಕನಿಷ್ಠ ಒಂದು ದಿನ ಎದುರುಬದುರು ಕೂತು ಕಲಿಕೆ, ಅಲ್ಲೇ ನಿರಂತರ ಮೌಲ್ಯಮಾಪನ. ಈ ಬರಹದಲ್ಲಿ ನಾವು ಹೇಳಿದ ಅಷ್ಟೂ ವರ್ಷಗಳಲ್ಲಿ ‘ಎದುರು ಕೂತು ನೋಡುವುದು’ ಎಂಬ ಮಾತು ಕಾಗದದ ಮೇಲೆ ಇಷ್ಟು ಸ್ಪಷ್ಟವಾಗಿ ಮತ್ತೆ ಬಂದದ್ದು ಇಲ್ಲೇ. ಹತ್ತು ಮಕ್ಕಳ ಆ ಪರೀಕ್ಷೆಗೆ ಈ ಒಂದು ದಿನ ಹೇಳಿ ಮಾಡಿಸಿದಂತಿದೆ. ನಿಮ್ಮ ಕ್ಲಸ್ಟರಿನಲ್ಲಿ ಅಂಥ ದಿನ ಇದೆಯಾ ಅಂತ ಅಂಗನವಾಡಿ ಟೀಚರನ್ನೇ ಕೇಳಿ. ಗ್ರಾಮಸಭೆಯಲ್ಲೂ ಕೇಳಬಹುದು.

ಮನೆಯಲ್ಲಿ ಚಿಕ್ಕ ಮಗು ಇದ್ದರೆ ತೂಕದ ದಿನ ಜೊತೆಗೆ ಹೋಗಿ. ಸಹಾಯಕಿ ಅಡುಗೆಯಲ್ಲಿರುತ್ತಾರೆ, ಟೀಚರ್ ಒಬ್ಬರೇ ಮಗುವನ್ನೂ ಹಿಡಿದು, ಫೋನನ್ನೂ ಹಿಡಿದಿರುತ್ತಾರೆ. ಮಗು ಹತ್ತುವ ಮುಂಚೆ ತಕ್ಕಡಿ ಸೊನ್ನೆಯಲ್ಲಿದೆಯಾ ನೋಡಿ. ಸ್ವೆಟರ್, ಚಪ್ಪಲಿ ತೆಗೆಯಿರಿ. ಎತ್ತರ ನೋಡುವಾಗ ಹಿಮ್ಮಡಿ ಕಂಬಕ್ಕೆ ತಾಗಿರಲಿ, ಮೊಣಕಾಲನ್ನು ನೀವು ಮೆಲ್ಲಗೆ ಹಿಡಿದುಕೊಳ್ಳಿ, ಮಗುವಿನ ದೃಷ್ಟಿ ನೇರಕ್ಕಿರಲಿ. ಎರಡು ವರ್ಷ ತುಂಬದಿದ್ದರೆ ಮಲಗಿಸಿಯೇ ಅಳೆಯಲಿ. ಇನ್ನೊಂದು ಸಲ ನೋಡೋಣವಾ ಟೀಚರ್ ಅಂತ ಕೇಳಿದರೆ ಅವರು ಬೇಜಾರು ಮಾಡಿಕೊಳ್ಳುವುದಿಲ್ಲ, ಸಹಾಯವೇ ಆಯಿತು ಅಂದುಕೊಳ್ಳುತ್ತಾರೆ. ಸಂಖ್ಯೆ ಫೋನಿಗೆ ಹೋದ ಮೇಲೆ ಅದನ್ನೇ ತಾಯಿ ಕಾರ್ಡಿನ ನಕ್ಷೆಯಲ್ಲೂ ಚುಕ್ಕೆ ಇಡಿಸಿಕೊಂಡು, ಹೋದ ತಿಂಗಳ ಚುಕ್ಕೆಗೂ ಇದಕ್ಕೂ ಗೆರೆ ಎಳೆಸಿ ಮನೆಗೆ ತನ್ನಿ.